ಗುಡಿಯ ಮುಂದೆ ಗಾಡಿ ಆಫ್ ಮಾಡುವ ಮುನ್ನ

ಘಾಟಿ ಹತ್ತುವಾಗ ಇನ್‌ಸೋಮನ ಜನ ಸಾಗಿಸುವ ಪಿಕಪ್ ಗಾಡಿ ಏದುಸಿರು ಬಿಡಲು ಶುರುಮಾಡಿದ್ದು ಭತ್ತದ ಕೊಯ್ಲು ಮುಗಿದ ಮೇಲೆ. ಮೊದಲು ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಏರನ್ನು ಎರಡರಲ್ಲಿ ಹತ್ತತೊಡಗಿತು. ಆಮೇಲೆ ಎರಡರಲ್ಲೂ ತಿಣುಕತೊಡಗಿತು. ಕಡೆಯ ತಿರುವು ಬಂದಾಗ ಹಿಂದಿನ ಬೆಂಚುಗಳಲ್ಲಿ ಕೂತವರು, ಇಳಿದು ತಳ್ಳಬೇಕೇನಪ್ಪಾ ಎಂದು ತಮಾಷೆ ಮಾಡುವರು. ಒಂದು ದಿನ ಅವನು ನಿಜವಾಗಿಯೂ ಇಳಿಯಿರಿ ಎಂದುಬಿಟ್ಟ. ಮುದುಕರು, ಮಕ್ಕಳು, ಕೋಳಿ ಬುಟ್ಟಿ ಹೊತ್ತವರು ಎಲ್ಲ ಇಳಿದು ಬಿಸಿಲಿನಲ್ಲಿ ನಡೆದೇ ಮೇಲೆ ಬಂದರು. ಯಾರೂ ಬೈಯಲಿಲ್ಲ. ನಮ್ಮ ಕಡೆ ಹಳೆಯ ಗಾಡಿ ಎಂದರೆ ಇಷ್ಟೇ ಎಂದುಕೊಂಡರು.

ನಾನು ಸಾಯ್‌ಪಿನ್. ಡೋಯ್ ಮೂನ್ ಘಾಟಿಯ ನೆತ್ತಿಯಲ್ಲಿ, ಬೆಟ್ಟದೊಡೆಯನ ಗುಡಿಯ ಎದುರು, ಅಂಟಕ್ಕಿ ಅನ್ನವನ್ನೂ ಸುಟ್ಟ ಕೋಳಿಯನ್ನೂ ಮಾರುತ್ತೇನೆ. ಗಾಡಿಯ ವಿಷಯ ಅನ್ನ ಮಾರುವವಳಿಗೇನು ಗೊತ್ತು ಎನ್ನಬೇಡಿ. ಈ ಏರು ಹತ್ತಿದ ಪ್ರತಿಯೊಂದು ಗಾಡಿಯೂ ಮೊದಲು ಬಂದು ನಿಲ್ಲುವುದು ನನ್ನ ಒಲೆಯ ಮುಂದೆ. ಯಾವ ಗಾಡಿ ನಗುತ್ತ ಬಂತು, ಯಾವುದು ಅಳುತ್ತ ಬಂತು ಎಂಬುದು ನನಗೆ ತಲೆ ಎತ್ತದೆಯೇ ತಿಳಿಯುತ್ತದೆ.

ಗುಡಿಯ ಮುಂದೆ ನಮ್ಮವರದ್ದೊಂದು ಪದ್ಧತಿ ಇತ್ತು. ಚಕ್ರ ನಿಂತ ಕ್ಷಣವೇ ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಬೇಕು. ಒಡೆಯನ ಎದುರಿಗೆ ಸದ್ದು ಮಾಡಬಾರದು. ಹಿಂದೆ ಇದೇ ದಾರಿಯಲ್ಲಿ ಹೇಸರಗತ್ತೆಗಳ ಸಾಲು ಹೋಗುತ್ತಿದ್ದಾಗ ಅವುಗಳ ಕೊರಳ ಗಂಟೆಗೆ ಹುಲ್ಲು ತುರುಕಿ ಸದ್ದಡಗಿಸುತ್ತಿದ್ದರಂತೆ. ಹೇಸರಗತ್ತೆಗಳು ಹೋದವು, ಗಂಟೆಗಳು ಹೋದವು, ಡೀಸೆಲ್ ಪಿಕಪ್‌ಗಳು ಬಂದವು. ಸದ್ದಡಗಿಸುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಇನ್‌ಸೋಮನಷ್ಟು ಕಟ್ಟುನಿಟ್ಟಾಗಿ ಪಾಲಿಸುವವನು ಇನ್ನೊಬ್ಬನಿರಲಿಲ್ಲ. ಗುಡಿಯ ಅಂಗಳ ಗುಡಿಸುವ ಕೇವಮ್ಮ ಅವನ ತಾಯಿ. ಅಂಥವಳ ಮಗ ಒಡೆಯನ ಮುಂದೆ ಎಂಜಿನ್ ಗುರುಗುಟ್ಟಿಸಿಕೊಂಡು ನಿಂತರೆ ಊರು ಏನೆಂದುಕೊಂಡೀತು ಎಂಬ ಅಳುಕು ಅವನಿಗೆ.

ಅವನ ಹೆಂಡತಿ ಬುವಾಪನ್ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ನಿಂತೇ ಬರುವಳು. ಮುದುಕಿಯರ ಕೈ ಹಿಡಿದು ಹತ್ತಿಸುವುದು, ಇಳಿಸುವುದು, ಯಾರ ಬುಟ್ಟಿ ಯಾರ ಕಾಲಿನ ಕೆಳಗೆ ಎಂದು ನೋಡುವುದು ಎಲ್ಲ ಅವಳ ಪಾಲಿನದು. ಗಾಡಿ ಗುಡಿಯ ಮುಂದೆ ನಿಂತರೆ ಅವಳು ಓಡಿಬಂದು ಕಿಟಕಿಯಲ್ಲಿ ಮಲ್ಲಿಗೆ ಮಾಲೆ ಕೊಡುವಳು, ಅವನು ಇಳಿದು ಹೋಗಿ ಒಡೆಯನಿಗೆ ಏರಿಸಿ ಬರುವನು. ಅಷ್ಟರಲ್ಲಿ ಅವಳು ನನ್ನ ಹತ್ತಿರ ಬಂದು ಒಂದು ಕೋಳಿಯ ರೆಕ್ಕೆ ಕದ್ದು ತಿನ್ನುವಳು. ಕದ್ದದ್ದನ್ನು ನನಗೇ ತೋರಿಸಿ ನಗುವಳು. ಅವಳಂಥ ಗೆಳತಿ ನನಗೆ ಇನ್ನೊಬ್ಬಳಿಲ್ಲ.

ಚಳಿಗಾಲದಲ್ಲಿ ಗಾಡಿ ಶಿಳ್ಳೆ ಹೊಡೆಯಲು ಶುರುಮಾಡಿತು. ಏರು ಹತ್ತುವಾಗ ಸಣ್ಣಗೆ ಶುರುವಾಗಿ, ವೇಗ ಹೆಚ್ಚಿದಂತೆ ಹೆಚ್ಚುವ ಶಿಳ್ಳೆ. ನಮ್ಮಲ್ಲಿ ಪ್ರತಿ ಗಾಡಿಗೂ ಒಬ್ಬ ಗಾಡಿಯಮ್ಮ ಇರುತ್ತಾಳೆ. ಅವಳಿಗೆಂದು ಕನ್ನಡಿಗೆ ಬಣ್ಣದ ದಾರ ಕಟ್ಟಿ ಹೂ ಮುಡಿಸುತ್ತೇವೆ. ಅವಳು ಒಲಿದರೆ ಗಾಡಿ ಕಾಯುತ್ತಾಳೆ. ಇನ್‌ಸೋಮ ಹೆಮ್ಮೆಯಿಂದ, "ಕೇಳಿ ಅಕ್ಕ, ನಮ್ಮ ಗಾಡಿಯಮ್ಮ ಹಾಡ್ತಾಳೆ," ಎನ್ನುತ್ತಿದ್ದ. ಊರವರೂ ಅದನ್ನೇ ಹೇಳಿದರು. ದೂರದಿಂದ ಶಿಳ್ಳೆ ಕೇಳಿಸಿದರೆ ಸಾಕು, ಇನ್‌ಸೋಮನ ಗಾಡಿ ಬಂತು, ಚೀಲ ಹೊರಗಿಡಿ ಎನ್ನುವರು. ರೋಗವನ್ನು ಹಾಡು ಎಂದು ಕೊಂಡಾಡಿದೆವು.

ಆ ಹಾಡಿಗೆ ಮುಖ ಗಂಟಿಕ್ಕಿದವನು ಥನೋಮ್ ಒಬ್ಬನೇ. ಘಾಟಿಯ ಬುಡದಲ್ಲಿ ಅವನ ಗ್ಯಾರೇಜು. ಇನ್‌ಸೋಮನೂ ಅವನೂ ಚಿಕ್ಕಂದಿನಲ್ಲಿ ಒಂದೇ ವಿಹಾರದಲ್ಲಿ ತಲೆ ಬೋಳಿಸಿಕೊಂಡು ಮರಿ ಭಿಕ್ಕುಗಳಾಗಿದ್ದವರು. ಹಾಗಾಗಿ ಅವರ ಮಾತಿನಲ್ಲಿ ಮುಲಾಜಿಲ್ಲ. ಒಂದು ಮಧ್ಯಾಹ್ನ ಥನೋಮ್ ನನ್ನ ಅಂಗಡಿಯಲ್ಲಿ ಊಟಕ್ಕೆ ಕೂತಿದ್ದ. ಗಾಡಿ ಕಾಣಿಸುವ ಮೊದಲೇ ಶಿಳ್ಳೆ ಕೇಳಿಸಿತು. ಅವನು ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತ ಕೂತ. ಗಾಡಿ ಬಂತು, ನಿಂತಿತು, ನಿಂತ ಕ್ಷಣವೇ ಸತ್ತ ಹಾಗೆ ಸುಮ್ಮನಾಯಿತು. ಇನ್‌ಸೋಮ ಮಾಲೆ ಏರಿಸಿ ಬರುವವರೆಗೆ ಕಾದು ಥನೋಮ್ ಕೇಳಿದ:

"ಎಂಜಿನ್ ಆಯಿಲ್ ಎಷ್ಟು ಕುಡೀತಾ ಇದೆ?"

ಇನ್‌ಸೋಮ ಮಾತು ಹಾರಿಸಲು ನೋಡಿದ. ಬುವಾಪನ್ ಬಿಡಲಿಲ್ಲ. ಮೊದಲು ವರ್ಷದಲ್ಲಿ ಒಂದೆರಡು ಸಲ ಸುರಿಯುತ್ತಿದ್ದೆವು, ಈಗ ಸಂತೆಗೊಮ್ಮೆ ಸುರಿಯಬೇಕು ಎಂದಳು.

"ಅದು ಎಲ್ಲಿಗೆ ಹೋಗ್ತಿದೆ ಅಂತ ಯೋಚನೆ ಮಾಡಿದ್ಯಾ?" ಎಂದ ಥನೋಮ್. "ಹೊಗೆ ನೋಡು. ನೀಲಿ ಬರ್ತಿದೆ. ಆಯಿಲ್ ಉರೀತಿದೆ ಒಳಗೆ."

ಇನ್‌ಸೋಮ ನಕ್ಕ. ನಗುವುದಕ್ಕೆ ಕಾರಣವೂ ಇತ್ತು. ಅದು ಬೆಟ್ಟ ಸುಡುವ ಕಾಲ. ಜೋಳದ ಹೊಲಗಳಿಗೆಲ್ಲ ಬೆಂಕಿ ಹಾಕಿದ್ದರು. ಆಕಾಶವೇ ಹೊಗೆ. ಎದುರಿನ ಗುಡ್ಡ ಕಾಣಿಸದೆ ಎಷ್ಟೋ ದಿನವಾಗಿತ್ತು, ನನ್ನ ಅನ್ನದ ಮೇಲೂ ಬೂದಿ ಬೀಳುತ್ತಿತ್ತು. "ಇಷ್ಟು ಹೊಗೇಲಿ ನನ್ನ ಹೊಗೆ ಬೇರೆ ಕಾಣ್ತಾ ನಿಂಗೆ? ಕಣ್ಣು ತೋರಿಸ್ಕೊ ಹೋಗು," ಎಂದ.

ಥನೋಮ್ ಊಟ ಅಲ್ಲೇ ಬಿಟ್ಟು ಎದ್ದ. ಗಾಡಿಯ ಬಾನೆಟ್ ಎತ್ತಿ, ಎಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಪೈಪಿನ ಒಂದು ತುದಿ ಬಿಚ್ಚಿ, ಒಳಗೆ ಬಟ್ಟೆ ಆಡಿಸಿ ತೆಗೆದ. ಬಟ್ಟೆ ಎಣ್ಣೆಯಲ್ಲಿ ತೊಯ್ದಿತ್ತು. ಗಾಳಿ ಮಾತ್ರ ಓಡಾಡಬೇಕಾದ ಜಾಗ ಅದು, ಎಣ್ಣೆಗೆ ಅಲ್ಲಿ ಕೆಲಸವಿಲ್ಲ ಎಂದ. ಏರ್ ಫಿಲ್ಟರ್ ತೆಗೆದು ಕುಟ್ಟಿದರೆ ಬೂದಿ ಉದುರಿತು. ಆಮೇಲೆ ಎಲ್ಲರಿಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ. ಈ ಎಂಜಿನ್ನಿಗೆ ಪಕ್ಕದಲ್ಲೊಂದು ಟರ್ಬೊ ಇದೆ. ಎಂಜಿನ್ ಉಗುಳುವ ಹೊಗೆಯ ಬಲದಿಂದ ಅದರೊಳಗಿನ ಸಣ್ಣ ಚಕ್ರ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ. ಏರು ಹತ್ತುವ ಶಕ್ತಿ ಬರುವುದು ಅದರಿಂದ. ಆ ಚಕ್ರದ ಅಚ್ಚು ತೇಲುವುದು ಎಣ್ಣೆಯ ಮೇಲೆ. ಏರು ಹತ್ತಿ ಬಂದಾಗ ಅದು ಕೆಂಡದ ಹಾಗೆ ಕಾದಿರುತ್ತದೆ. ಆಗ ಥಟ್ಟನೆ ಎಂಜಿನ್ ಆಫ್ ಮಾಡಿದರೆ ಎಣ್ಣೆ ಹರಿಯುವುದು ನಿಲ್ಲುತ್ತದೆ. ನಿಂತ ಎಣ್ಣೆ ಆ ಕಾವಿಗೆ ಅಲ್ಲೇ ಸುಟ್ಟು ಕರಿಯಾಗಿ ಕೂರುತ್ತದೆ.

"ಬಾಣಲೆ ತಳ ಹಿಡಿಯೋ ಹಾಗೆ," ಎಂದೆ ನಾನು.

"ಹಾಗೇ ಅಕ್ಕ. ದಿನಾ ತಳ ಹಿಡಿದು ಹಿಡಿದು ಎಣ್ಣೆ ಹೋಗೋ ದಾರೀನೇ ಕಟ್ಟಿಕೊಳ್ಳತ್ತೆ. ಅಚ್ಚು ಸವೆದು ಅಲ್ಲಾಡತ್ತೆ. ಶಿಳ್ಳೆ ಅದರದ್ದೇ. ಎಳೆಯೋ ಶಕ್ತಿ ಹೋಗಿದ್ದೂ ಅದಕ್ಕೇ."

ಮಾಡಬೇಕಾದದ್ದು ದೊಡ್ಡದೇನಲ್ಲ ಎಂದ. ಕಡೆಯ ಏರನ್ನು ನಿಧಾನವಾಗಿ ಹತ್ತು. ಗುಡಿಯ ಮುಂದೆ ನಿಂತ ಮೇಲೂ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡುತ್ತಿರಲಿ, ಕಾವು ಇಳಿಯಲಿ, ಆಮೇಲೆ ಆಫ್ ಮಾಡು. ಆದರೆ ಈ ಟರ್ಬೊ ಈಗಾಗಲೇ ಕೆಟ್ಟಿದೆ. ಗಾಡಿಯನ್ನು ಇವತ್ತೇ ಗ್ಯಾರೇಜಿನಲ್ಲಿ ಬಿಟ್ಟು ಹೋಗು ಎಂದ.

ಇನ್‌ಸೋಮನ ಮುಖ ಗಂಟಾಯಿತು. ಟರ್ಬೊ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಗುಡಿಯ ಮಾತು ಮಾತ್ರ ಬಿದ್ದಿತ್ತು.

"ಒಡೆಯನ ಮುಂದೆ ಗುರುಗುರು ಅನ್ಕೊಂಡು ನಿಂತ್ಕೊಳ್ಳಾ? ನಮ್ಮಪ್ಪ ಸಾಯೋವರೆಗೂ ಇಲ್ಲಿ ನಿಂತ ತಕ್ಷಣ ಆಫ್ ಮಾಡ್ತಿದ್ದ. ಅವನ ಗಾಡಿಗೆ ಏನೂ ಆಗಲಿಲ್ಲ."

"ನಿಮ್ಮಪ್ಪನ ಗಾಡೀಲಿ ಟರ್ಬೊ ಇರಲಿಲ್ಲ ಕಣೋ."

"ಒಡೆಯ ಇದ್ದ."

ಥನೋಮ್ ಬಾನೆಟ್ ಕಡೆ ತಿರುಗಿದ. ಅವನೂ ಒಡೆಯನಿಗೆ ಕೈಮುಗಿಯುವವನೇ. ಪೈಪನ್ನು ಮತ್ತೆ ಬಿಗಿದು ಕೈ ಒರೆಸಿಕೊಂಡ. ಹೊಸ ವರ್ಷದ ಹಬ್ಬ ಹತ್ತಿರ ಬಂದಿದೆ, ಊರಿಗೆಲ್ಲ ಇರುವುದು ಇದೊಂದೇ ಗಾಡಿ, ಹಬ್ಬ ಕಳೆಯಲಿ ನೋಡೋಣ ಎಂದು ಇನ್‌ಸೋಮ ಹೇಳಿದ. ಬುವಾಪನ್ ಯಾವತ್ತೂ ನಾಲ್ಕು ಜನರ ಮುಂದೆ ಗಂಡನಿಗೆ ಎದುರಾಡಿದವಳಲ್ಲ. ಅವತ್ತು ಆಡಿದಳು.

"ಜನ ನನ್ನ ಕೈ ಹಿಡ್ಕೊಂಡು ಗಾಡಿ ಹತ್ತುತಾರೆ. ಗೊತ್ತಿದ್ದೂ ನಾನು ಹೆಂಗೆ ಹತ್ತಿಸ್ಲಿ?"

ಹಬ್ಬ ಕಳೆಯಲಿ ಎಂದೇ ಅವನು ಮತ್ತೆ ಹೇಳಿದ. ಅವಳು ಹೋಗಿ ಮೆಟ್ಟಿಲ ಮೇಲೆ ನಿಂತಳು. ಅವತ್ತು ನನ್ನ ಕೋಳಿಯ ಕಡೆ ತಿರುಗಿಯೂ ನೋಡಲಿಲ್ಲ.

ಹಬ್ಬದ ಹಿಂದಿನ ಸಂತೆಯ ದಿನ. ಪಟ್ಟಣದಿಂದ ಮಧ್ಯಾಹ್ನ ವಾಪಸು ಬರುವ ಗಾಡಿ ತುಂಬಿ ತುಳುಕುತ್ತಿತ್ತು. ಹೊಸ ಬಟ್ಟೆ, ತೆಂಗಿನಕಾಯಿ, ಭಿಕ್ಕುಗಳಿಗೆ ಕೊಡುವ ದಾನದ ಬಕೆಟ್ಟುಗಳು. ನಾನು ಮೇಲೆ ಅಂಗಡಿಯಲ್ಲಿದ್ದೆ. ಕೋಸಿನ ಹೊರೆ ಹೇರಿದ ಒಂದು ಪಿಕಪ್ ಆಗಷ್ಟೇ ಗುಡಿಯ ಮುಂದೆ ನಿಂತು ಹೊರಟಿತ್ತು. ಆ ಹುಡುಗ ನನ್ನ ಹತ್ತಿರ ಅನ್ನ ಕಟ್ಟಿಸಿಕೊಂಡ, ಒಡೆಯನಿಗೆ ಕೈಮುಗಿದ, ಇಳಿಜಾರು ಹಿಡಿದ. ಅವನದ್ದು ಏನೂ ತಪ್ಪಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕೆಳಗಿನಿಂದ ಶಿಳ್ಳೆ ಕೇಳಿಸಿತು. ಎಂದಿನಂತಲ್ಲ. ಏರುತ್ತ ಏರುತ್ತ ಕಿರುಚಾಟವಾಗಿ, ಥಟ್ಟನೆ ಕಡಿದುಹೋಯಿತು. ಆಮೇಲೆ ಎಂಜಿನ್ ಅಬ್ಬರಿಸತೊಡಗಿತು. ಅಂಥ ಸದ್ದು ನಾನು ಹಿಂದೆ ಕೇಳಿರಲಿಲ್ಲ, ಇನ್ನು ಕೇಳುವುದೂ ಬೇಡ.

ಕಡೆಯ ತಿರುವಿನಲ್ಲಿ ಟರ್ಬೊದ ಅಚ್ಚು ಮುರಿದಿತ್ತು. ಅಚ್ಚಿಗೆ ಹೋಗಬೇಕಾದ ಎಣ್ಣೆಯೆಲ್ಲ ಗಾಳಿಯ ಪೈಪಿಗೆ ನುಗ್ಗಿ, ಅಲ್ಲಿಂದ ಎಂಜಿನ್ನಿಗೆ ಹೋಗಿ, ಎಂಜಿನ್ ಡೀಸೆಲ್ ಬಿಟ್ಟು ಆ ಎಣ್ಣೆಯನ್ನೇ ಉರಿಸಿಕೊಂಡು ಓಡತೊಡಗಿತು. ಇನ್‌ಸೋಮ ಕ್ಲಚ್ ಒತ್ತಿ, ಬ್ರೇಕ್ ಹಾಕಿ, ಗಾಡಿ ನಿಲ್ಲಿಸಿದ. ಕೀಲಿ ತಿರುಗಿಸಿದ. ಎಂಜಿನ್ ನಿಲ್ಲಲಿಲ್ಲ. ಕೀಲಿಯನ್ನೇ ಕಿತ್ತು ಕೈಯಲ್ಲಿ ಹಿಡಿದ. ಆಗಲೂ ನಿಲ್ಲಲಿಲ್ಲ, ಇನ್ನೂ ಹೆಚ್ಚಿತು. ಜೀವಮಾನವಿಡೀ ಚಕ್ರ ನಿಂತ ಕ್ಷಣ ಕೀಲಿ ತಿರುಗಿಸಿದ ಕೈ ಅದು. ಕೀಲಿ ತಿರುಗಿಸಿದರೂ ನಿಲ್ಲದ ಗಾಡಿಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ದಟ್ಟ ಬಿಳಿ ಹೊಗೆ ತಿರುವನ್ನೆಲ್ಲ ಮುಚ್ಚಿತು. ಬುವಾಪನ್ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದಳಂತೆ. ಗುಡ್ಡದ ಕಡೆಯ ಚರಂಡಿಯಾಚೆ ಹೋಗಿ ಕೂರಿ ಎಂದಳಂತೆ. ಎಲ್ಲರೂ ಹೋದ ಮೇಲೆ ತಲೆಯ ವಸ್ತ್ರ ಬಿಚ್ಚಿ ಬೀಸುತ್ತ, ಮೇಲಿನಿಂದ ಬರುವ ಗಾಡಿಗಳನ್ನು ತಡೆಯಲು ಹೊಗೆಯೊಳಗೆ ನಡೆದಳಂತೆ. ಕೋಸಿನ ಗಾಡಿಯ ಹುಡುಗನಿಗೆ ಕಂಡದ್ದು ಹೊಗೆ ಮಾತ್ರ. ಹೊಗೆಯ ಕಾಲದಲ್ಲಿ ಇನ್ನೊಂದಿಷ್ಟು ಹೊಗೆ. ಯಾರೋ ರಸ್ತೆ ಬದಿಯ ಹುಲ್ಲಿಗೆ ಬೆಂಕಿ ಹಾಕಿದ್ದಾರೆ ಎಂದುಕೊಂಡು ಅವನು ಹಾಗೆಯೇ ಇಳಿದ. ಬುವಾಪನ್ ಆ ಗಾಡಿಗೆ ಸಿಕ್ಕಳು.

ಇನ್‌ಸೋಮನಿಗೆ ಏನೂ ಕೇಳಿಸಲಿಲ್ಲ. ಅವನ ಎಂಜಿನ್ ಅಷ್ಟು ಅಬ್ಬರಿಸುತ್ತಿತ್ತು. ಒಳಗಿನ ಎಣ್ಣೆಯೆಲ್ಲ ಮುಗಿದು ಅದು ತಾನಾಗಿಯೇ ಸಿಕ್ಕಿಕೊಂಡು ನಿಂತ ಮೇಲೆ ಅವನು ಇಳಿದು, ಬುವಾಪನ್, ಮಾಲೆ ಎಲ್ಲಿ ಇಟ್ಟಿದ್ದೀಯ ನೋಡು, ತುಳಿದುಬಿಟ್ಟಾರು ಎಂದು ಕೂಗಿದನಂತೆ. ಗಾಬರಿಯಲ್ಲಿ ಬಾಯಿಗೆ ಬಂದ ಮಾತು. ಅದಕ್ಕೆ ಉತ್ತರ ಬರಲಿಲ್ಲ. ನಾನು ಓಡಿ ಇಳಿದು ಹೋಗುವ ಹೊತ್ತಿಗೆ ಅವನು ರಸ್ತೆಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಅವಳ ಕಾಲು ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಅದನ್ನು ಮರೆಯಲು ನನಗೆ ಆಗಿಲ್ಲ.

ಹಬ್ಬದ ದಿನ ಅವಳನ್ನು ಸುಟ್ಟೆವು. ಹೊಸ ವರ್ಷಕ್ಕೆ ಒಬ್ಬರಿಗೊಬ್ಬರು ನೀರೆರಚಿ ಆಡುವುದು ನಮ್ಮ ವಾಡಿಕೆ; ಆ ವರ್ಷ ಊರು ನೀರೆರಚಲಿಲ್ಲ.

ಥನೋಮ್ ಗಾಡಿಯನ್ನು ಎಳೆಸಿಕೊಂಡು ಹೋಗಿ ಬಿಚ್ಚಿದ. ನಾನು ಅಂದೇ ಹೇಳಿದ್ದೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಮುರಿದ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ತಂದು, ಇನ್‌ಸೋಮನ ಮನೆಯ ಜಗಲಿಯಲ್ಲಿ ಇಟ್ಟ. ಬೆರಳಿನಷ್ಟು ಉದ್ದದ ಕಬ್ಬಿಣ. ಮೇಲೆಲ್ಲ ಕರಿ ಹತ್ತಿತ್ತು, ಉಗುರಿನಿಂದ ಕೆರೆದರೂ ಬರಲಿಲ್ಲ. ನನ್ನ ಬಾಣಲೆಗಳ ತಳ ನನಗೆ ಗೊತ್ತಿಲ್ಲವೇ. ಅದೇ ಕರಿ.

ಇನ್‌ಸೋಮ ಅದನ್ನು ನೋಡಿದ. ಆಮೇಲೂ ಅವನು ಕೇಳಿದ್ದು ಟರ್ಬೊ ವಿಷಯವಲ್ಲ. ಒಳಗೆ ಕೂತಿದ್ದ ತಾಯಿಯ ಕಡೆ ತಿರುಗಿ ಕೇಳಿದ:

"ಅಮ್ಮಾ, ಒಡೆಯನಿಗೆ ಸದ್ದಾದ್ರೆ ಕೋಪ ಬರ್ತಿತ್ತಾ?"

ಕೇವಮ್ಮ ಎದ್ದು ಹೊಸ್ತಿಲಿಗೆ ಬಂದಳು. ಸೊಸೆ ಸತ್ತ ಮೇಲೆ ಆ ಮುದುಕಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹುಡುಗಿ ಆಗಿದ್ದಾಗಿಂದ ಆ ಅಂಗಳ ಗುಡಿಸ್ತಾ ಇದ್ದೀನಿ ಮಗಾ. ಕೋಳಿ ಕೂಗ್ತವೆ, ನಾಯಿ ಕಚ್ಚಾಡ್ತವೆ, ಮಳೆಗಾಲದಲ್ಲಿ ಸಿಡಿಲು ಹೊಡೆಯತ್ತೆ. ಯಾವತ್ತೂ ಏನೂ ಅಂದೋನಲ್ಲ ಅವನು. ನೀನು ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ."

ಅವನು ಕೇಳಿರಲಿಲ್ಲ. ನಾವೂ ಯಾರೂ ಕೇಳಿರಲಿಲ್ಲ. ಗುಡಿ ಗುಡಿಸುವವಳು ದಿನವೂ ನಮ್ಮೆದುರಿಗೇ ಇದ್ದಳು. ಒಬ್ಬರಾದರೂ ಬಾಯಿ ಬಿಟ್ಟು ಕೇಳಿದ್ದರೆ ಇವತ್ತು ಬುವಾಪನ್ ನನ್ನ ಕೋಳಿ ಕದಿಯುತ್ತಿದ್ದಳು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಳೆಗಾಲ ಶುರುವಾಗುವವರೆಗೆ ಇನ್‌ಸೋಮ ಗಾಡಿ ಮುಟ್ಟಲಿಲ್ಲ. ಊರಿನವರು ಕಾಯಿಲೆಯವರನ್ನು ಹೊತ್ತುಕೊಂಡೇ ಘಾಟಿ ಇಳಿದರು. ಕಡೆಗೆ ಥನೋಮನೇ ಎಂಜಿನ್ ಕಟ್ಟಿ ಗಾಡಿ ತಂದು ಅವನ ಮನೆ ಮುಂದೆ ನಿಲ್ಲಿಸಿದ. ಬರೀ ಹೊಸ ಟರ್ಬೊ ಕೂರಿಸಿದರೆ ಸಾಲದು ಎಂದು, ಅದಕ್ಕೆ ಎಣ್ಣೆ ಹೋಗುವ ಸಣ್ಣ ಪೈಪನ್ನೂ ಬದಲಾಯಿಸಿದ್ದ, ಗಾಳಿಯ ಪೈಪುಗಳನ್ನು ತೊಳೆದಿದ್ದ, ಆಯಿಲ್ಲನ್ನೂ ಎರಡು ಫಿಲ್ಟರುಗಳನ್ನೂ ಹೊಸದಾಗಿ ಹಾಕಿದ್ದ. ಹಳೇ ಕರಿ ಎಲ್ಲಾದರೂ ಉಳಿದರೆ ಹೊಸದನ್ನೂ ತಿಂದುಹಾಕುತ್ತದೆ ಎಂದ. ಆಮೇಲೆ ಸುತ್ತಮುತ್ತಲ ಹಳ್ಳಿಗಳ ಡ್ರೈವರುಗಳನ್ನೆಲ್ಲ ಗುಡಿಯ ಅಂಗಳಕ್ಕೆ ಕರೆಸಿ, ಎಂಜಿನ್ ಹುಚ್ಚೆದ್ದರೆ ಏನು ಮಾಡಬೇಕೆಂದು ಹೇಳಿಕೊಟ್ಟ. ಕೀಲಿಯನ್ನು ನಂಬಬೇಡಿ. ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಎಲ್ಲಕ್ಕಿಂತ ಮೇಲಿನ ಗೇರ್ ಹಾಕಿ, ಕ್ಲಚ್ ಬಿಡಿ. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಗೇರ್ ತಾನಾಗಿ ಬದಲಾಗುವ ಗಾಡಿಯಾದರೆ, ಇಲ್ಲವೇ ಹೇಗೆ ಮಾಡಿದರೂ ನಿಲ್ಲದಿದ್ದರೆ, ಗಾಡಿ ಬಿಟ್ಟು ಜನರನ್ನು ಕರೆದುಕೊಂಡು ದೂರ ಹೋಗಿ. ಬಾನೆಟ್ ಒಳಗೆ ಕೈ ಹಾಕಬೇಡಿ. ಹೊಗೆಯೊಳಗೆ ಯಾರೂ ನಿಲ್ಲಬೇಡಿ. ಬೇರೆ ಗಾಡಿಗಳನ್ನು ತಡೆಯುವುದಾದರೆ ಹೊಗೆ ದಾಟಿ, ರಸ್ತೆಯ ಅಂಚಿನಲ್ಲಿ, ದೂರದಿಂದಲೇ ಕಾಣುವ ಜಾಗದಲ್ಲಿ ನಿಂತು ತಡೆಯಿರಿ.

ಕಡೆಯ ಮಾತು ಹೇಳುವಾಗ ಅವನು ಇನ್‌ಸೋಮನ ಕಡೆ ನೋಡಲಿಲ್ಲ. ನಾವೂ ನೋಡಲಿಲ್ಲ.

ಈಗ ಇನ್‌ಸೋಮನ ಗಾಡಿ ಮತ್ತೆ ಬರುತ್ತದೆ. ಶಿಳ್ಳೆ ಇಲ್ಲ. ಕಡೆಯ ತಿರುವನ್ನು ನಿಧಾನವಾಗಿ ಹತ್ತಿ ಗುಡಿಯ ಮುಂದೆ ನಿಲ್ಲುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ. ಮಾಲೆಯನ್ನು ಈಗ ಅವನೇ ಕೊಂಡು ತರುತ್ತಾನೆ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟಿಯರಿಂಗ್ ಹಿಡಿದು, ಕಾವು ಇಳಿಯುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾನೆ. ಒಂದೆರಡು ನಿಮಿಷವೇ. ಆಮೇಲೆ ಆಫ್ ಮಾಡಿ ಇಳಿಯುತ್ತಾನೆ. ಕೇವಮ್ಮ ಪೊರಕೆ ನಿಲ್ಲಿಸಿ ಮಗನನ್ನು ನೋಡುತ್ತಾಳೆ. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತೇನೆ.

ಗಾಡಿ ಓಡಿಸುವ ಅಣ್ಣಂದಿರೇ, ತಮ್ಮಂದಿರೇ, ಅವರ ಮನೆಯವರೇ, ಅನ್ನ ಮಾರುವವಳ ಮಾತು ಕೇಳಿ. ನಿಮ್ಮ ಗಾಡಿ ಏರಿನಲ್ಲಿ ಸೋಲುತ್ತಿದ್ದರೆ, ಶಿಳ್ಳೆ ಹೊಡೆಯುತ್ತಿದ್ದರೆ, ನೀಲಿ ಹೊಗೆ ಬಿಡುತ್ತಿದ್ದರೆ, ಮತ್ತೆ ಮತ್ತೆ ಆಯಿಲ್ ಕೇಳುತ್ತಿದ್ದರೆ, ಅದನ್ನು ಹಾಡು ಎನ್ನಬೇಡಿ, ಹಳೇ ಗಾಡಿ ಎನ್ನಬೇಡಿ, ಹಬ್ಬ ಕಳೆಯಲಿ ಎನ್ನಬೇಡಿ. ಅವತ್ತೇ ನಿಲ್ಲಿಸಿ ತೋರಿಸಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಬೆಟ್ಟ ಸುಡುವ ಕಾಲದಲ್ಲಿ ಏರ್ ಫಿಲ್ಟರನ್ನು ಆಗಾಗ ತೆಗೆದು ನೋಡಿ, ಬೂದಿ ಕಟ್ಟಿದ್ದರೆ ಬದಲಾಯಿಸಿ. ಏರು ಹತ್ತಿ ಬಂದ ಗಾಡಿಗೆ ಉಸಿರು ತಿರುಗಿಸಿಕೊಳ್ಳಲು ಒಂದೆರಡು ನಿಮಿಷ ಕೊಡಿ, ನಿಂತದ್ದು ಯಾರ ಗುಡಿಯ ಮುಂದೆಯೇ ಇರಲಿ.

ನಿಮ್ಮ ಗಾಡಿಯ ಹಿಂದಿನ ಮೆಟ್ಟಿಲ ಮೇಲೂ ಯಾರೋ ನಿಂತಿರುತ್ತಾರೆ. ಹೊರಡುವ ಮೊದಲು ಒಮ್ಮೆ ತಿರುಗಿ ಅವರ ಮುಖ ನೋಡಿ.